ಮೂರನೆಯದು ಬೀಸು

ಬೀಡಿಯ ತುದಿ ಮಡಚಿ ನೂಲು ಸುತ್ತುತ್ತಲೇ ಸೇವಂತಿ ಮಗಳಿಗೆ ಹೇಳಿದಳು, “ಅಪ್ಪಿಯಕ್ಕನಿಗೆ ಫೋನ್ ಮಾಡಿ, ಅಮ್ಮ ಇನ್ನು ಭಜನೆಗೆ ಬರುದಿಲ್ಲ ಅಂತ ಹೇಳು.”

ದೀಪದ ಸುತ್ತ ವೃತ್ತವಾಗಿ ಕುಣಿಯುವ ಕೊಯಿಲದ ಹೆಂಗಸರ ಕುಣಿತ ಭಜನೆ ತಂಡವನ್ನು ನಡೆಸುವವಳು ಅಪ್ಪಿ. ನಾಲ್ಕರ ಲೆಕ್ಕದ ಹಾಡುಗಳಲ್ಲಿ ಸೇವಂತಿಯ ಹೆಜ್ಜೆ ಸರಿಯೇ ಇತ್ತು. ಮೂರರ ಹಾಡು ಶುರುವಾಯಿತೆಂದರೆ ಮಾತ್ರ ಅವಳು ಮುಂದೋಡಿ ಮುಂದಿದ್ದವಳ ಹಿಮ್ಮಡಿ ಮೆಟ್ಟುತ್ತಿದ್ದಳು. ನಿನ್ನೆ ಅಪ್ಪಿ ಎಲ್ಲರೆದುರು ಅಂದಿದ್ದಳು, “ನಿನಗೆ ಎಂತ, ಬಸ್ಸು ತಪ್ಪುತ್ತದಾ ಮಾರಾಯ್ತಿ? ಶನಿವಾರ ಮೂರರ ಹಾಡಿಗೆ ನೀನು ದೀಪದ ಹತ್ತಿರ ಕೂತ್ಕೊ.”

ಪುತ್ತೂರಿನಲ್ಲಿ ಮೃದಂಗ ಕಲಿಯುತ್ತಿದ್ದ ಮಗಳು ಮೋಕ್ಷಿತಾ ಎದುರು ಬಂದು ಕೂತಳು. “ಮೂರರ ತಾಳ ಒಮ್ಮೆ ತಟ್ಟಿ ತೋರಿಸಮ್ಮ.”

ಸೇವಂತಿ ತಟ್ಟಿದಳು. ಒಂದು, ಎರಡು. ಒಂದು, ಎರಡು.

“ಮೂರು ಎಲ್ಲಿ?”

“ಮೂರಕ್ಕೆ ಸದ್ದೇ ಇಲ್ಲವಲ್ಲ.”

“ಸದ್ದಿಲ್ಲ, ಜಾಗ ಉಂಟು. ಎರಡು ಪೆಟ್ಟು, ಒಂದು ಬೀಸು. ಬೀಸುವಾಗ ಕೈ ಖಾಲಿ ಹೋಗಬೇಕು. ನಿನ್ನ ಕೈ ಖಾಲಿ ಇರುದೇ ಇಲ್ಲ, ಅದೇ ತಾಪತ್ರಯ.”

ಮದುವೆಗೆ ಮೊದಲಿನಿಂದ ಬೀಡಿ ಕಟ್ಟಿದ ಕೈ ಅದು. ಒಂದರ ನೂಲು ಮುಗಿಯುವ ಮೊದಲೇ ಬೆರಳು ಮುಂದಿನ ಎಲೆ ಹುಡುಕುತ್ತಿತ್ತು. ಜ್ವರ ಬಂದಾಗಲೂ ನಿಂತದ್ದಿಲ್ಲ.

ಎಲೆ, ಹೊಗೆಸೊಪ್ಪು ತುಂಬಿದ್ದ ಮೊರವನ್ನು, ಆ ತಡ್ಪೆಯನ್ನು, ಅವಳು ಮಡಿಲಿನಿಂದ ಕೆಳಗಿಟ್ಟಳು. ಎರಡು ಸಲ ತಟ್ಟಿ, ಅಂಗೈ ಮೇಲೆ ಮಾಡಿ ಬೀಸಿದಳು. ಕೈ ಹೆದರಿದ ಹಾಗೆ ಬೇಗ ಹಿಂದೆ ಬಂತು.

“ಅಲ್ಲಿ ಎಲೆ ಇಲ್ಲಮ್ಮ, ಹುಡುಕಬೇಡ,” ಮೋಕ್ಷಿತಾ ನಕ್ಕಳು.

ಎಷ್ಟೋ ಸಲ ತಪ್ಪಿತು. ಆಮೇಲೆ ಒಮ್ಮೆ ಕೈ ಗಾಳಿಯಲ್ಲಿ ನಿಂತಿತು. ಮಗಳು ಸಣ್ಣಗೆ ಹಾಡುತ್ತಿದ್ದ ಸಾಲು ಮುಂದಿನ ಪೆಟ್ಟಿನ ಮೇಲೆ ಸರಿಯಾಗಿ ಬಂದು ಕೂತಿತು.

ಸೇವಂತಿಗೆ ಭಜನೆಯ ವೃತ್ತ ಕಣ್ಣಿಗೆ ಕಟ್ಟಿತು. ಹದಿನಾಲ್ಕು ಹೆಂಗಸರು, ಒಂದೊಂದು ಕಾಲು ನೆಲ ಬಿಟ್ಟು, ತಾಳ ಸುಮ್ಮನಾದ ಆ ಚೂರು ಹೊತ್ತು. ಏನೂ ಕೇಳಿಸದ ಆ ಜಾಗದಲ್ಲಿ ಅವರು ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಇಷ್ಟು ಕಾಲ ತಾನು ಅದರ ನಡುವೆಯೇ ಇದ್ದು, ಪ್ರತಿ ಸಲ ಅದನ್ನು ದಾಟಿ ಓಡಿದ್ದಳು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಜನ ಹೇಗೆ ಹಿಡಿಸಿದರು?

ಮತ್ತೆ ತಟ್ಟಿದಳು, ಬೀಸಿದಳು. ಖಾಲಿ ಅಂಗೈಗೆ ಗಾಳಿ ತಣ್ಣಗೆ ತಾಗಿತು.

“ಹಾಗಾದರೆ ಅಪ್ಪಿಯಕ್ಕನಿಗೆ ಎಂತ ಹೇಳುದು?”

“ಎಂತದೂ ಬೇಡ.”

ಮೋಕ್ಷಿತಾ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಸೇವಂತಿ ಎದ್ದು, ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ಕಾಲೆತ್ತಿ ನಿಂತಳು. ಶನಿವಾರ ಮೂರರ ಹಾಡು ಶುರುವಾದಾಗ ಅಪ್ಪಿಯನ್ನು ಕೇಳದೆ ವೃತ್ತದಲ್ಲಿ ಹೋಗಿ ನಿಲ್ಲುವುದೆಂದು ನಿಶ್ಚಯಿಸಿಕೊಂಡಳು. ಒಳಗಿನಿಂದ ಮಗಳು ಸಕ್ಕರೆ ಎಷ್ಟು ಎಂದು ಕೇಳಿದಳು. ಸೇವಂತಿ ಸಕ್ಕರೆಯ ಲೆಕ್ಕವಷ್ಟೇ ಹೇಳಿದಳು, ಶನಿವಾರದ್ದು ಹೇಳಲಿಲ್ಲ.