ಎತ್ತಿ ಕೂರಿಸುವವರು ಯಾರು

ಆಸ್ಪತ್ರೆಯಲ್ಲಿ ಡಾಕ್ಟರ್ ಯಾರು, ನರ್ಸ್ ಯಾರು ಎಂದು ಮಗುವಿಗೂ ಗೊತ್ತಾಗುತ್ತದೆ. ಸೋಷಿಯಲ್ ವರ್ಕರ್ ಯಾರು ಎಂದು ಕೇಳಿದರೆ ಮಾತ್ರ ಲಿಫ್ಟಿನವನೂ ತಲೆ ಕೆರೆದುಕೊಳ್ಳುತ್ತಾನೆ. ‘ಮೆಟ್ಟಿಲ ಕೆಳಗಿನ ಮೇಡಂ’ ಎಂದರೆ ತಕ್ಷಣ ದಾರಿ ತೋರಿಸುತ್ತಾನೆ.

ಮೆಟ್ಟಿಲ ಕೆಳಗೆ ಅವಳಿಗೊಂದು ಕೋಣೆ ಕೊಟ್ಟಿದ್ದರು. ಅವಳಿಗಿಂತ ಮುಂಚೆಯೇ ಅಲ್ಲಿ ಮುರಿದ ಡ್ರಿಪ್ ಸ್ಟ್ಯಾಂಡುಗಳೂ ಹಳೆಯ ಹೊದಿಕೆಗಳ ಗಂಟುಗಳೂ ಸೇರಿಕೊಂಡಿದ್ದವು. ಉಳಿದ ಜಾಗದಲ್ಲಿ ಒಂದು ಮೇಜು, ಎರಡು ಕುರ್ಚಿ. ಮೂರನೆಯವರು ಬಂದರೆ ಮೇಡಂ ಎದ್ದು ನಿಲ್ಲಬೇಕು. ಇಡೀ ಆಸ್ಪತ್ರೆಗೆ ಅವಳೊಬ್ಬಳೇ. ಸುಧಾರಿಸಿಕೊಂಡ ರೋಗಿ ಯಾರ ಮನೆಗೆ ಹೋಗುತ್ತಾರೆ, ಅಲ್ಲಿ ಅವರ ಕೈ ಹಿಡಿಯುವವರು ಯಾರು ಎಂದು ವಿಚಾರಿಸಿಕೊಂಡು ಕಳಿಸುವುದು ಅವಳ ಕೆಲಸ. ಹಾಸಿಗೆ ಖಾಲಿಯಾಗುವುದು ತಡವಾದರೆ ಬೈಸಿಕೊಳ್ಳುವುದೂ ಅವಳ ಕೆಲಸವೇ.

ಅವಳದ್ದೊಂದು ಪದ್ಧತಿಯಿತ್ತು. ಪಾರ್ಶ್ವವಾಯು ಹೊಡೆದವರನ್ನು ಮನೆಗೆ ಕಳಿಸುವ ಮುಂಚೆ, ಮನೆಯಲ್ಲಿ ಅವರನ್ನು ಎತ್ತಿ ಕೂರಿಸುವವರು ಯಾರೋ ಅವರು ಒಂದು ಸಲ ಅವಳ ಕಣ್ಣೆದುರೇ ಎತ್ತಿ ತೋರಿಸಬೇಕು. “ನಾವು ನೋಡ್ಕೋತೀವಿ ಬಿಡಿ” ಎಂದು ಬಾಯಲ್ಲಿ ಹೇಳಿದರೆ ಅವಳು ಒಪ್ಪುತ್ತಿರಲಿಲ್ಲ.

ಆ ದಿನ ಹೊರಡಬೇಕಾಗಿದ್ದವರು ಕಂಡಕ್ಟರಜ್ಜ. ಬಸ್ಸಿನಲ್ಲಿ ಟಿಕೆಟ್ ಹರಿದೇ ತಲೆ ನರೆಸಿಕೊಂಡವರು. ಎಡಗೈ ಎಡಗಾಲು ಬಿದ್ದುಹೋಗಿದ್ದವು. ಗಂಟಲಿಗೆ ಮಾತ್ರ ಏನೂ ಆಗಿರಲಿಲ್ಲ. ರೌಂಡ್ಸಿಗೆ ಡಾಕ್ಟರುಗಳ ಗುಂಪು ಬಂದರೆ, “ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ, ಮುಂದಕ್ಕೆ ಹೋಗಿ!” ಎನ್ನುತ್ತಿದ್ದರು.

ವಾರ್ಡಿನ ಸಿಸ್ಟರ್ ಬೆಳಿಗ್ಗೆಯೇ ಮೇಡಂ ಬೆನ್ನು ಹತ್ತಿದ್ದರು. “ಕೆಳಗೆ ಎಮರ್ಜೆನ್ಸೀಲಿ ಒಬ್ಬ ಹೆಂಗಸು ಟ್ರಾಲಿ ಮೇಲೇ ಮಲಗಿದಾಳೆ ಮೇಡಂ. ಅಜ್ಜನ ಹಾಸಿಗೆ ಸಿಕ್ಕಿದ್ರೆ ಅವಳಿಗೆ. ದಯವಿಟ್ಟು ನಿಮ್ಮ ನಾಟಕ ಬೇಗ ಮುಗಿಸಿ.”

“ನಾಟಕ ಅಲ್ಲ ಸಿಸ್ಟರ್, ಪರೀಕ್ಷೆ.”

“ಯಾವುದೋ ಒಂದು. ಬೇಗ ಪಾಸ್ ಮಾಡಿ ಕಳಿಸಿ.”

ಅಜ್ಜನ ಮಗ ಬಂದಿದ್ದ. ಮನೆಯ ಮುಂದಿನ ಕೋಣೆಯಲ್ಲೇ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡವನು. ಅವನ ಹಿಂದೆ ಬಟ್ಟೆಬರೆ ತುಂಬಿದ ಚೀಲ ಹಿಡಿದು ಅಜ್ಜನ ಸೊಸೆ. “ಅಪ್ಪನ ಬಗ್ಗೆ ನೀವು ತಲೆ ಕೆಡಿಸ್ಕೋಬೇಡಿ ಮೇಡಂ, ನಾವಿದೀವಿ” ಎಂದ ಮಗ.

“ಸರಿ. ಎತ್ತಿ ಕೂರಿಸೋರು ಯಾರು?”

ಮಗ ಹೆಂಡತಿಯ ಕಡೆ ನೋಡಿದ. ಸೊಸೆ ಚೀಲ ಕೆಳಗಿಟ್ಟು ಮುಂದೆ ಬಂದಳು. ಕುರ್ಚಿಯನ್ನು ಅಜ್ಜನ ಬಲಗಡೆಗೆ ಎಳೆದಳು. ತನ್ನ ಮೊಣಕಾಲನ್ನು ಅವರ ಸೋತ ಮೊಣಕಾಲಿಗೆ ಒತ್ತಿ ಹಿಡಿದು, ಸೊಂಟಕ್ಕೆ ಕೈ ಹಾಕಿ, “ಮುಂದೆ ಬಗ್ಗಿ ಮಾವ, ಇನ್ನೂ ಸ್ವಲ್ಪ, ಹಾಂ” ಎನ್ನುತ್ತಾ ಎಬ್ಬಿಸಿ, ತಿರುಗಿಸಿ, ಹೂವಿನ ಹಾಗೆ ಕುರ್ಚಿಯಲ್ಲಿ ಇಳಿಸಿದಳು. ಫಿಸಿಯೋದವರು ಹೇಳಿಕೊಡುವಾಗ ನಿಂತು ನೋಡಿ ಕಲಿತಿದ್ದಳಂತೆ. ಮೇಡಂಗೆ ಖುಷಿಯೋ ಖುಷಿ. ಇಷ್ಟು ಚೆನ್ನಾಗಿ ಮಾಡಿದವರನ್ನು ಅವಳು ಈಚೆಗೆ ಕಂಡಿರಲಿಲ್ಲ. “ಫಸ್ಟ್ ಕ್ಲಾಸ್” ಎಂದು, ಮನೆಗೆ ಕಳಿಸುವ ಕಾಗದಕ್ಕೆ ರುಜು ಹಾಕಿಯೂ ಬಿಟ್ಟಳು.

“ನಾನು ಬರಲ್ಲ” ಎಂದರು ಕಂಡಕ್ಟರಜ್ಜ.

“ಏನಪ್ಪಾ ಇದು? ಆಟೋದವನು ಕಾಯ್ತಿದಾನೆ” ಎಂದ ಮಗ.

“ಕಾಯಲಿ. ನಾನು ಇಲ್ಲೇ ಇರ್ತೀನಿ.”

“ಇದೇನು ಛತ್ರಾನಾ, ಇಷ್ಟ ಬಂದಷ್ಟು ದಿನ ಇರೋಕೆ? ಮಗು ಥರ ಹಠ ಮಾಡ್ಬೇಡ.”

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದರು. ಅವರು ಹೀಗೆ ಮಾತು ನಿಲ್ಲಿಸಿದ್ದನ್ನು ಮೇಡಂ ಅದುವರೆಗೆ ಕಂಡಿರಲಿಲ್ಲ. ಗಂಡಹೆಂಡತಿಯನ್ನು ವರಾಂಡಕ್ಕೆ ಕಳಿಸಿ ಹಾಸಿಗೆಯ ಸುತ್ತ ಪರದೆ ಎಳೆದಳು. ಗುಟ್ಟಿನ ಮಾತಿಗೆ ಆಸ್ಪತ್ರೆಯಲ್ಲಿ ಅವಳಿಗಿದ್ದ ಜಾಗ ಅದೊಂದೇ. ಸ್ಟೂಲು ಎಳೆದುಕೊಂಡು ಕೂತಳು.

“ಹೇಳಿ ಅಜ್ಜಾ. ಸೊಸೆ ಗದರ್ತಾಳಾ?”

“ಛೆ, ಬಿಡ್ತು ಅನ್ನಿ!” ಅಜ್ಜ ಗಕ್ಕನೆ ತಿರುಗಿದರು. “ಚಿನ್ನದಂಥ ಹುಡುಗಿ. ಅದಕ್ಕೇ ಹೇಳ್ತಿರೋದು. ಹೊಲಿಗೆ ಕಾರ್ಖಾನೇಲಿ ಮೆಷಿನ್ ತುಳಿದೂ ತುಳಿದೂ ಈಗ ಸೂಪರ್‌ವೈಸರ್ ಮಾಡಿದಾರೆ. ನಾಳೆ ಹೊಸ ಕೆಲಸಕ್ಕೆ ನಿಲ್ಬೇಕು. ಬರಲ್ಲ ಅಂತ ಹೇಳಿಬಿಡ್ತೀನಿ ಅಂತಿದಾಳೆ. ಯಾಕೆ? ನನ್ನ ಎತ್ತೋಕೆ!”

“ಅವರು ನನ್ನ ಹತ್ರ ಹೇಳಲೇ ಇಲ್ಲ.”

“ನೀವು ಕೇಳಿದ್ರಾ ಮೇಡಮ್ಮಾ?”

ಮೇಡಂ ಕೇಳಿರಲಿಲ್ಲ. ಸೊಸೆಯ ಮೊಣಕಾಲು ಎಲ್ಲಿತ್ತು, ಕೈ ಎಲ್ಲಿತ್ತು, ಬೆನ್ನು ಎಷ್ಟು ಬಗ್ಗಿತ್ತು ಎಂದು ಗಮನಿಸಿದ್ದಳು. ಮುಖದ ಕಡೆ ನೋಡಿರಲಿಲ್ಲ. ಯಾರಾದರೂ ಎತ್ತಲು ತಡವರಿಸಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದವಳು, ಚೆನ್ನಾಗಿ ಎತ್ತಿದವಳನ್ನು ಒಂದೂ ಕೇಳದೆ ಬಿಟ್ಟಿದ್ದಳು.

ಅಜ್ಜ ದನಿ ತಗ್ಗಿಸಿದರು. “ಇನ್ನೊಂದು ಮಾತು. ಸ್ನಾನ, ಕಕ್ಕಸು ಎಲ್ಲ ಅವಳೇ ಮಾಡಿಸ್ಬೇಕಾ? ಅವಳಿಗೆ ಬೇಜಾರಿರಲ್ಲ, ನನಗಿದೆ. ಹಗಲೆಲ್ಲ ಮನೇಲೇ ನೊಣ ಹೊಡೀತಾ ಕೂತಿರೋ ಮಗ ಇರೋವಾಗ…”

ಮೇಡಂ ಪರದೆ ಸರಿಸಿ ವರಾಂಡಕ್ಕೆ ಹೋದಳು.

“ಕಾರ್ಖಾನೆ ವಿಷಯ ನಿಜಾನಾ ಅಮ್ಮಾ?”

ಸೊಸೆ ಗಂಡನ ಮುಖ ನೋಡಿದಳು. “ಹೂಂ ಮೇಡಂ. ಪರವಾಗಿಲ್ಲ, ಮನೆ ಅಂದ್ಮೇಲೆ…”

“ಪರವಾಗಿಲ್ವಾ?”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೋಗ್ಬೇಕು ಅಂತ ಆಸೆ ಇತ್ತು” ಎಂದಳು.

ಮಗ ದನಿ ಎತ್ತಿದ. “ಅಂಗಡಿ ಯಾರು ನೋಡ್ತಾರೆ ಮೇಡಂ? ನನಗೆ ಇದೆಲ್ಲ ಬರಲ್ಲ. ಅವಳಿಗೆ ಬರುತ್ತೆ, ನೀವೇ ಫಸ್ಟ್ ಕ್ಲಾಸ್ ಅಂದ್ರಲ್ಲ!”

“ಅಂದಿದ್ದು ನನ್ನ ತಪ್ಪು. ಮಿಕ್ಸಿ ಬಿಚ್ಚಿ ಜೋಡಿಸೋದು ನಿಮಗೆ ಹುಟ್ಟುತ್ತಲೇ ಬರ್ತಿತ್ತಾ?”

ಮೇಡಂ ತಾನು ರುಜು ಹಾಕಿದ ಕಾಗದವನ್ನು ಸಿಸ್ಟರ್ ಕೈಯಿಂದ ವಾಪಸ್ ಇಸಿದುಕೊಂಡಳು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನನ್ನ ಟ್ರಾಲಿ ಹೆಂಗಸಿನ ಗತಿ?”

“ಮೇಲಿನವರು ಕೇಳಿದ್ರೆ ನನ್ನ ಹೆಸರು ಹೇಳಿ.”

“ನಿಮ್ಮ ಹೆಸರು ಹಾಸಿದ್ರೆ ಅವಳು ಮಲಗೋಕಾಗುತ್ತಾ?” ಸಿಸ್ಟರ್ ಒಂದು ಗಳಿಗೆ ಯೋಚಿಸಿದರು. “ಅಜ್ಜನ್ನ ಕುರ್ಚೀಲೇ ಫಿಸಿಯೋ ಕೋಣೆಗೆ ತಳ್ಕೊಂಡು ಹೋಗಿ. ಅಲ್ಲಿ ಮಂಚ ಇದೆ. ಮಗ ಎಷ್ಟು ಬೇಕಾದ್ರೂ ಕಲೀಲಿ. ಸಂಜೆಯೊಳಗೆ ಎತ್ತೋಕೆ ಬರದೇ ಇದ್ರೆ ಆಮೇಲೆ ಜಗಳ ಆಡೋಣ.”

ಫಿಸಿಯೋ ಕೋಣೆಯಲ್ಲಿ ಮಗ ಮೊದಲ ಸಲ ಅಪ್ಪನ ಕಂಕುಳಿಗೆ ಕೈ ಹಾಕಿ ಎಳೆದ. “ಅಯ್ಯೋ, ತೋಳು ಕಿತ್ತು ಬರುತ್ತೆ ಕಣೋ! ನಾನೇನು ಕೆಟ್ಟ ಫ್ಯಾನಾ?” ಎಂದು ಅಜ್ಜ ಕೂಗಿದರು. ಎರಡನೇ ಸಲ ಮೊಣಕಾಲು ಕೊಡುವುದನ್ನು ಮರೆತ. ಅಜ್ಜನ ಎಡಗಾಲು ಕುಸಿಯಿತು, ಫಿಸಿಯೋದವರು ಹಿಡಿದರು. ಮಗನ ಮುಖ ಬೆವರಿನಲ್ಲಿ ತೊಯ್ದುಹೋಯಿತು.

ಸೊಸೆಯ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಮೇಡಂ ಆ ಕೈಗಳನ್ನು ಮೆಲ್ಲಗೆ ಹಿಡಿದುಕೊಂಡಳು. “ನೀವು ಹೊರಗೆ ನಿಂತಿರಿ.”

“ಬಿದ್ದುಬಿಟ್ರೆ ಮೇಡಂ?”

“ನಾವಿಷ್ಟು ಜನ ಇದೀವಿ.”

ಸೊಸೆ ಹೊರಗೆ ಬಂದು ಬಾಗಿಲಿಗೆ ಬೆನ್ನು ಹಾಕಿ ನಿಂತಳು. ಒಳಗೆ ಕುರ್ಚಿ ಸರಿದ ಸದ್ದು. “ನನ್ನ ಕುತ್ತಿಗೆ ಹಿಡ್ಕೋಬೇಡಪ್ಪಾ, ಮುಂದೆ ಬಗ್ಗು” ಎಂದು ಗಂಡನ ದನಿ. “ಬಗ್ಗಿದೀನಿ, ನೀನು ಮೊಣಕಾಲು ಕೊಡು” ಎಂದು ಮಾವನದು. ಆಮೇಲೆ ಇಬ್ಬರದೂ ಏದುಸಿರು. ಅವಳು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು; ಹಿಂತಿರುಗಿ ನೋಡಲಿಲ್ಲ.