ಹಂತ ತೋರಿಸದ ಉತ್ತರ

ಜುಲೈ ಇಪ್ಪತ್ತೊಂಬತ್ತು, ಮಂಗಳವಾರ, ನಿಮಿಷಕ್ಕೆ ಹನ್ನೊಂದು ಹನಿ, ಬೆಳಿಗ್ಗೆ ಒಂಬತ್ತಿತ್ತು, ಅಂದರೆ ಚಾವಣಿಯ ಬಿರುಕು ಬೆಳೆದಿದೆ ಅಥವಾ ಮಳೆ ಬಲಿತಿದೆ, ಯಾವುದೆಂದು ಹನಿಯ ಲೆಕ್ಕದಿಂದ ಹೇಳಲಾಗದು, ಅಡುಗೆಮನೆಯ ಮೂಲೆಯಲ್ಲಿ ತಂಗಿ ಇಟ್ಟ ತಗಡಿನ ಬಕೆಟ್ಟು ಮುಕ್ಕಾಲು ತುಂಬಿದೆ, ತುಂಬುತ್ತ ಹೋದಂತೆ ಸದ್ದು ಕಡಿಮೆ, ನನಗೆ ಅದೇ ಬೇಕಾದದ್ದು — ಮೇಜಿನ ಮೇಲೆ ಆದಾಯ ತೆರಿಗೆಯ ಫಾರಂ ಇದೆ, ಸಲ್ಲಿಸಲು ಇನ್ನೆರಡು ದಿನ, ಮೊದಲು ಪೆನ್ಸಿಲು ಆಮೇಲೆ ಶಾಯಿ, ನಲವತ್ತನಾಲ್ಕು ವರ್ಷಗಳಿಂದ ಇದೇ ಕ್ರಮ, ಒಂದು ಅಂಕಿಯನ್ನೂ ಹೊಡೆದುಹಾಕಿ ಬರೆದವನಲ್ಲ, ಪಿಂಚಣಿ ಬರೆದಾಯಿತು, ಠೇವಣಿಯ ಬಡ್ಡಿ ಬರೆದಾಯಿತು, ಅದರ ಕೆಳಗೆ ಪಾವತಿಸಿದ ಮನೆ ಬಾಡಿಗೆ, ಹೋದ ವರ್ಷದವರೆಗೆ ಅಲ್ಲಿ ಒಂದೇ ಚೌಕ, ನಲವತ್ತೆಂಟು ಸಾವಿರ ಎಂದು ಬರೆದರೆ ಮುಗಿಯುತ್ತಿತ್ತು, ಈ ವರ್ಷ ಅದರಡಿ ಹೊಸದಾಗಿ ನಾಲ್ಕು ಚೌಕಗಳು ಬಾಯಿ ತೆರೆದು ಕೂತಿವೆ.

ನಿನ್ನೆ ತೆರಿಗೆ ಕಚೇರಿಯ ವಿಚಾರಣೆ ಕಿಟಕಿಯಲ್ಲಿ ಕುಳಿತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ, ನನಗೆ ಗುರುತಾಗಲಿಲ್ಲ, ಅವಳಿಗೆ ಆಯಿತು, ಎದ್ದು ನಿಂತಳು, ಈ ಸಲ ಫಾರಂ ಬದಲಾಗಿದೆ ಸಾರ್, ಬರೀ ಮೊತ್ತ ಬರೆದರೆ ಆಗಲ್ಲ, ಬಾಡಿಗೆ ಯಾರಿಗೆ ಕೊಟ್ರಿ, ಅವರ ತೆರಿಗೆ ಸಂಖ್ಯೆ ಎಷ್ಟು, ನಿಮಗೆ ಸಂಬಂಧದಲ್ಲಿ ಏನಾಗಬೇಕು, ಯಾವ ತಾರೀಖು ಯಾವ ಖಾತೆಯಿಂದ ಹೋಯ್ತು, ನಾಲ್ಕೂ ತುಂಬಬೇಕು. ಇಷ್ಟು ವರ್ಷ ಕೇಳದ್ದನ್ನು ಈಗೇಕೆ ಕೇಳುತ್ತೀರಿ ಎಂದೆ. ನಕ್ಕಳು. ನೀವೇ ಹೇಳ್ತಿದ್ರಲ್ಲ ಸಾರ್, ಉತ್ತರ ಸರಿ ಇದ್ರೂ ಹಂತ ತೋರಿಸದಿದ್ರೆ ಸೊನ್ನೆ ಅಂತ, ನನಗೆ ಏಳನೇ ಕ್ಲಾಸಲ್ಲಿ ಎರಡು ಸಲ ಸೊನ್ನೆ ಕೊಟ್ಟಿದ್ದೀರಿ. ಹಿಂದೆ ನಿಂತವರೂ ನಕ್ಕರು, ಛತ್ರಿ ತೆಗೆದುಕೊಂಡು ಹೊರಟೆ, ಅವಳು ಹಿಂದಿನಿಂದ ಕೂಗಿ ಹೇಳಿದಳು, ಸಂಖ್ಯೆ ಬರೆದ್ರೆ ಅಷ್ಟೂ ಅವರ ಆದಾಯ ಅಂತ ಕಾಣ್ಸುತ್ತೆ ಸಾರ್, ಅವರಿಗೊಂದು ಮಾತು ಹೇಳ್ಬಿಡಿ.

ಅವರು ಎಂದರೆ ಒಳಗೆ ಪಾತ್ರೆ ಉಜ್ಜುತ್ತಿರುವ ತಂಗಿ, ಮನೆ ಅವಳ ಗಂಡನದು, ಈಗ ಅವಳದು, ನಿವೃತ್ತಿಯಾದ ತಿಂಗಳು ಒಂದು ಟ್ರಂಕು ಹೊತ್ತು ಬಂದ ನಾನು ಬಾಗಿಲಲ್ಲೇ ಹೇಳಿದ್ದೆ, ಪುಕ್ಕಟೆ ಇರುವವನಲ್ಲ, ಮುಂಗೋಣೆಗೆ ತಿಂಗಳಿಗೆ ನಾಲ್ಕು ಸಾವಿರ, ಆಮೇಲೆ ನೋಡೋಣ ಬಾ ಅಣ್ಣ, ಮೊದಲು ಕಾಲು ತೊಳ್ಕೊ ಅಂದಳು, ಆ ಆಮೇಲೆ ಎಂಬುದಕ್ಕೆ ಈಗ ಒಂಬತ್ತು ವರ್ಷ, ಕೊಡಬೇಕೆಂದೇ ಮೊದಲ ವರ್ಷ ಫಾರಮ್ಮಿನಲ್ಲಿ ಬರೆದೆ, ಬರೆದ ಮೇಲೆ ಕೊಟ್ಟಂತೆಯೇ ಅನ್ನಿಸಿತು, ಕಾಗದದ ಮೇಲೆ ತಾಳೆಯಾದದ್ದು ಪ್ರಪಂಚದಲ್ಲೂ ತಾಳೆಯಾದಂತೆ ಎಂದು ಬದುಕಿದವನು ನಾನು, ಎರಡನೆಯ ವರ್ಷ ಹಳೆಯ ಪ್ರತಿ ನೋಡಿ ಬರೆದೆ, ಮೂರನೆಯ ವರ್ಷದಿಂದ ನೋಡಬೇಕಾಗಲೂ ಇಲ್ಲ. ನೂರೆಂಟು ತಿಂಗಳು, ನಾಲ್ಕು ಲಕ್ಷದ ಮೂವತ್ತೆರಡು ಸಾವಿರ, ಅದರಿಂದ ನನಗೆ ಉಳಿದ ತೆರಿಗೆ ವರ್ಷಕ್ಕೆ ಎರಡು ಸಾವಿರದ ನಾನೂರು, ಒಂಬತ್ತರಿಂದ ಗುಣಿಸಿದರೆ ಇಪ್ಪತ್ತೊಂದು ಸಾವಿರದ ಆರುನೂರು, ಮೇಸ್ತ್ರಿ ಬಂದು ಚಾವಣಿ ನೋಡಿ ಹೇಳಿದ್ದು ಹದಿನೆಂಟು ಸಾವಿರದ ಐನೂರು, ದುಬಾರಿಯಾಯಿತು, ಬೇಸಿಗೆಯಲ್ಲಿ ನೋಡೋಣ ಎಂದು ಅವನನ್ನು ಕಳಿಸಿದವನು ನಾನೇ, ಮನೆಯ ಒಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದಳು — ಹನ್ನೊಂದು, ಈಗ ಹನ್ನೆರಡು.

ಊಟಕ್ಕೆ ಕುಳಿತಾಗ ಕೇಳಿದೆ, ನಿನ್ನ ತೆರಿಗೆ ಸಂಖ್ಯೆ ಬೇಕಿತ್ತು. ಯಾಕೆ ಅಂದಳು. ಹೇಳಬೇಕಾಯಿತು, ತಲೆ ಎತ್ತದೆ ಹೇಳಿದೆ. ಎಷ್ಟು ಕೊಟ್ಟಿದ್ದೀನಿ ಅಂತ ಬರ್ದಿದ್ದೀಯ ಅಣ್ಣ? ಮೊತ್ತ ಹೇಳಿದೆ. ಸಿಟ್ಟಾಗಿದ್ದರೆ ಉತ್ತರ ಕೊಡುತ್ತಿದ್ದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಯ್ಯೋ ನಾನು ಇಷ್ಟು ದುಡ್ಡಿನವಳು ಅಂತ ಗೊತ್ತೇ ಇರ್ಲಿಲ್ಲ, ಗೊತ್ತಿದ್ರೆ ಈ ಹರಕಲು ಚಪ್ಪಲಿ ಯಾಕೆ ಹೊಲಿಸ್ಕೊಂಡು ಹಾಕ್ಕೋತಿದ್ದೆ, ತಡಿ, ಬಂದೆ, ಎಂದು ಎದ್ದು ಹೋಗಿ ಡಬ್ಬಿಯಿಂದ ಕಾರ್ಡು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು, ರುಜು ಎಲ್ಲಿ ಹಾಕ್ಬೇಕು ಹೇಳು. ಸಂಖ್ಯೆ ಬರೆದರೆ ನಿನ್ನ ವಿಧವಾ ವೇತನ ನಿಂತುಹೋಗುತ್ತದೆ, ಬೇರೆ ಆದಾಯ ಇರುವವರಿಗೆ ಅದು ಇಲ್ಲ, ಎಂದೆ. ಆಗ ನಗು ನಿಂತಿತು. ನಿಂತರೆ ಏನ್ಮಾಡೋದು, ನಿನ್ನ ತಲೆ ಮೇಲೆ ಬರೋದು ಬೇಡ, ಬರ್ಕೋ ಅಂದಳು. ತಿಂಗಳಿಗೆ ಸಾವಿರದ ಇನ್ನೂರು, ಅವಳ ಕೈಗೆಂದು ಬರುವುದು ಅಷ್ಟೇ, ಹಾಲು, ಸೋಪು, ನನ್ನ ಕೆಮ್ಮಿನ ಔಷಧಿ ಎಲ್ಲಾ ಅದರಲ್ಲೇ, ನಾನು ಎಂದೂ ಕೇಳಿಲ್ಲ ಔಷಧಿಗೆ ಎಷ್ಟಾಯಿತೆಂದು, ಎಲ್ಲದರ ಬೆಲೆ ಕೇಳುವ ನಾನು.

ಕಾರ್ಡು ಮೇಜಿನ ಮೇಲಿದೆ, ಹತ್ತು ಅಕ್ಷರ, ಮೊದಲ ಚೌಕದಲ್ಲಿ ಅವಳ ಹೆಸರಿನ ಮೊದಲಕ್ಷರ ಪೆನ್ಸಿಲಿನಲ್ಲಿ ಬರೆದೂ ಆಯಿತು, ಸಂಬಂಧ, ತಂಗಿ, ಇದು ಸುಲಭ, ಪಾವತಿಸಿದ ತಾರೀಖು — ಇಲ್ಲಿ ಪೆನ್ಸಿಲು ನಿಲ್ಲುತ್ತದೆ, ನೂರೆಂಟು ತಿಂಗಳಲ್ಲಿ ಒಂದು ತಾರೀಖೂ ಇಲ್ಲ, ಕಲ್ಪಿಸಿ ಬರೆಯಬಹುದು, ಉತ್ತರ ನೋಡಿಕೊಂಡು ಹಂತ ಬರೆಯುವ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ರಬ್ಬರು ಎಲ್ಲಿ, ರಬ್ಬರು ಈ ಮನೆಯಲ್ಲಿ ಇಲ್ಲ, ಬೇಕಾದದ್ದೇ ಇಲ್ಲ, ಹೆಬ್ಬೆರಳನ್ನು ಒದ್ದೆ ಮಾಡಿ ಉಜ್ಜಿದೆ, ಕಾಗದದ ಮೇಲೆ ಬೂದು ಕಲೆ, ಶಾಯಿಯ ಪೆನ್ನು ತೆರೆದು ಪಾವತಿಸಿದ ಮನೆ ಬಾಡಿಗೆಯ ಎದುರು ಬರೆದೆ, ಸೊನ್ನೆ, ಹಿಂದಿನ ವರ್ಷಗಳದ್ದು ಕೇಳಿದರೆ ಬಡ್ಡಿ ಸಮೇತ ಕಟ್ಟುತ್ತೇನೆ, ಠೇವಣಿ ಇದೆ, ಸರ್ಕಾರದ ಬಾಕಿಗೆ ಒಂದು ಚೌಕ ಇದೆ, ಒಂದು ಚಲನ್ ಇದೆ, ಒಂದು ಕಿಟಕಿ ಇದೆ, ಒಂಬತ್ತು ವರ್ಷಗಳಲ್ಲಿ ನಾನು ಬರೆದ ಮೊದಲ ಸರಿಯಾದ ಉತ್ತರ ಇದು, ತಂಗಿಗೆ ಕೊಟ್ಟದ್ದು ಸೊನ್ನೆ, ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ, ಕೆಳಗೆ ನನ್ನ ರುಜು — ಅವಳು ಬಂದಳು, ಬರ್ದಾಯ್ತಾ ಅಣ್ಣ ಅಂದಳು, ಫಾರಮ್ಮಿನ ಕಡೆ ನೋಡಲೂ ಇಲ್ಲ, ಬಗ್ಗಿ ಬಕೆಟ್ಟು ಎತ್ತಿದಳು, ಒಂದು ಕೈಯಿಂದ ಆಗಲಿಲ್ಲ, ಎರಡು ಕೈಯಿಂದ, ಸೊಂಟ ಹಿಡಿಯಿತೇನೋ, ನಾನು ಏಳಬೇಕು, ಏಳಲಿಲ್ಲ, ಹಿತ್ತಲಿಗೆ ಚೆಲ್ಲಿ ಬಂದು ಅದೇ ಮೂಲೆಯಲ್ಲಿ, ಅದೇ ಕಲೆಯ ಮೇಲೆ, ಸರಿಸಿ ಸರಿಸಿ ಇಟ್ಟಳು, ಖಾಲಿ ತಗಡು, ಹನಿ ಬಿತ್ತು, ಎಷ್ಟು ಸದ್ದು, ಒಂದು, ಖಾಲಿ ತಗಡಿನ ಮೇಲೆ ಹನಿ, ಎರಡು, ಖಾಲಿ ತಗಡಿನ ಮೇಲೆ