ಹರಾಜಣ್ಣನ ಪ್ರಾರ್ಥನೆ

ಹಿಸುಕಿದ ಬಾಳೆಹಣ್ಣನ್ನು ಬಾಯಲ್ಲಿಟ್ಟುಕೊಂಡು, ಗದ್ದವನ್ನು ಎದೆಯ ಕಡೆಗೆ ತಗ್ಗಿಸಿ ಹರಾಜಣ್ಣ ನುಂಗುತ್ತಿದ್ದಾಗ ಫೋನು ಬಂತು. ಮಾತಾಡಿ ಬಂದ ಸೊಸೆಯ ಮುಖ ಬಿಳಿಚಿತ್ತು. ಆದರೂ ಅವಳು ತುಟಿ ಬಿಚ್ಚಲಿಲ್ಲ. ಬಾಯಲ್ಲಿ ತುತ್ತಿರುವಾಗ ಅವರನ್ನು ಮಾತಾಡಿಸಕೂಡದು, ತುತ್ತು ಉಸಿರಿನ ದಾರಿಗೆ ಜಾರಿದರೆ ಜೀವಕ್ಕೇ ಕುತ್ತು ಎಂದು ಕಟ್ಟಳೆ ಹಾಕಿದವಳು ಅವರ ತಂಗಿ.

"ಇಳೀತಾ, ಮಾವ?"

ಅವರು ಇನ್ನೊಮ್ಮೆ ನುಂಗಿ, ಬಾಯಿ ತೆರೆದು ತೋರಿಸಿದರು.

"ನಿಮ್ಮ ತಂಗಿ ಹೋಗ್ಬಿಟ್ರು, ಮಾವ. ನಿದ್ದೆಯಲ್ಲೇ."

ತಂಗಿಯ ಮನೆಯ ನಡುಕೋಣೆಯಲ್ಲಿ ಅವಳ ಕೈಯಲ್ಲಿ ಗುಣವಾದವರೇ ತುಂಬಿ ಕಾಲಿಡಲು ಜಾಗವಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಎರಡು ತುದಿಯನ್ನೂ ಹಿಡಿದು ಆಸ್ಪತ್ರೆಯಲ್ಲಿ ದುಡಿದವಳು ಅವಳು. ನುಂಗಲಾರದವರಿಗೆ ನುಂಗಲು, ಮಾತು ಕಳೆದುಕೊಂಡವರಿಗೆ ಮಾತಾಡಲು ಕಲಿಸಿದ ಆಕೆಯನ್ನು ಎಲ್ಲರೂ ಮಾತಿನಕ್ಕ ಎನ್ನುತ್ತಿದ್ದರು.

ಹೆಣ ಎತ್ತುವ ಮೊದಲು ಮನೆಯ ಹಿರಿಯನೇ ತನ್ನ ಮಾತಿನಲ್ಲಿ ಪ್ರಾರ್ಥಿಸುವುದು ಆ ಮನೆತನದ ರೂಢಿ. ಹರಾಜಣ್ಣನ ತಮ್ಮ ಅವರ ಕಿವಿಯ ಬಳಿ ಬಗ್ಗಿದ.

"ಅಣ್ಣಾ, ಪ್ರಾರ್ಥನೆ ನಾನು ಹೇಳ್ತೀನಿ ಬಿಡು. ಇಷ್ಟು ಜನರ ಮುಂದೆ ನೀನು ಒದ್ದಾಡೋದು ಬೇಡ."

"ನಾ... ನಾನು," ಎಂದರು ಹರಾಜಣ್ಣ.

"ಹಟ ಬೇಡಣ್ಣ. ನಡುವೆ ನಿಂತುಹೋದ್ರೆ?"

"ನಾನೇ."

ಪಕ್ಕದ ಮನೆಯಾಕೆ ಲೋಟ ಹಿಡಿದು ಬಂದಳು. "ಬಿಸಿಲಲ್ಲಿ ಬಂದಿದೀರಿ. ಒಂದು ಗುಟುಕು ನೀರು ಕುಡೀರಿ."

"ನೀರು ಬೇಡ!" ಕೋಣೆಯ ನಾಲ್ಕೂ ಮೂಲೆಯಿಂದ ಕೂಗೆದ್ದಿತು.

ಆಕೆ ಬೆಚ್ಚಿಬಿದ್ದಳು. "ಅಯ್ಯೋ, ಸಾವಿನ ಮನೇಲಿ ನೀರು ಕೊಡೋದೂ ತಪ್ಪಾ?"

"ತೆಳ್ಳಗಿನ ನೀರು ಇವರಿಗೆ ನೆತ್ತಿಗೇರುತ್ತೆ, ತಾಯಿ," ಎಂದ ಮುದಿ ದರ್ಜಿ. "ಪುಡಿ ಕಲಸಿ ಗಟ್ಟಿ ಮಾಡ್ಬೇಕು. ನಾನೂ ಕುಡಿದಿದ್ದೀನಿ. ಬಟ್ಟೆ ಹೊಲಿಯೋನಿಗೆ ಗೋಂದು ಕುಡಿಸ್ತೀಯಲ್ಲೇ ಮಾತಿನಕ್ಕ, ಅಂತ ನಾನಂದ್ರೆ, ತಾನೂ ಒಂದು ಲೋಟ ಕುಡಿದು ತೋರಿಸಿದ್ಲು, ಪುಣ್ಯಾತ್ಗಿತ್ತಿ!"

ಅಳುತ್ತಿದ್ದವರೂ ನಕ್ಕರು.

*

ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಕೂಗಿ ಆ ಹೆಸರು ಪಡೆದವರು ಹರಾಜಣ್ಣ. ಲಕ್ವ ಹೊಡೆದಾಗ ಉಳಿದದ್ದು ಹರಾಜು ಮುಗಿಸುವ ಕೂಗೊಂದೇ: "ಮೂರು ಸಲ." ಕಿಟಕಿ ತೆರೆಯಿರಿ ಎನ್ನಲೂ "ಮೂರು ಸಲ", ದಿಂಬು ಕೊಡಿ ಎನ್ನಲೂ "ಮೂರು ಸಲ". ಸಿಟ್ಟಿಗೆ ಲೋಟ ಎಸೆದರು.

ತಂಗಿ ಲೋಟ ಎತ್ತಿಟ್ಟು ಮಂಚದ ಅಂಚಿನಲ್ಲಿ ಕುಳಿತಳು. "ಆಯ್ತಣ್ಣ, ಮೂರು ಸಲ. ಅದಕ್ಕೆ ಮುಂಚೆ ಏನು ಕೂಗ್ತಿದ್ದೆ? ಒಂದು..."

ಅವರ ಎಡಗೈಯನ್ನು ಮೆಲ್ಲಗೆ ತಟ್ಟುತ್ತ ತಾನೂ ಕೂಗಿದಳು. ಅಣ್ಣತಂಗಿಯರ ಹರಾಜು ಕೇಳಿ ನರ್ಸು ಓಡಿಬಂದಳು. ಆ ತಟ್ಟಿನ ಬೆನ್ನು ಹತ್ತಿ, ದಿನ ಕಳೆದಂತೆ, ಬೇರೆ ಮಾತುಗಳೂ ಬಂದವು. ಮೊದಲು "ಸಾಕು", ಆಮೇಲೆ "ಚಹಾ", ಬಹಳ ತಡವಾಗಿ "ತಂಗಿ".

"ಚಹಾ ಆದ್ಮೇಲೆ ನಾನು! ಇರಲಿ, ಅಷ್ಟಾದ್ರೂ ನೆನಪಾಯ್ತಲ್ಲ," ಎಂದು ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಿದ್ದಳು.

*

ಹೊತ್ತಾಯಿತೆಂದು ಹೊರಗಿನಿಂದ ಯಾರೋ ಹೇಳಿದರು. ಹರಾಜಣ್ಣ ಸೊಸೆಯ ಭುಜ ಹಿಡಿದು ಎದ್ದು, ತಂಗಿಯ ಪಾದದ ಬಳಿ ನಿಂತರು.

"ದೇವರೇ..."

ಮುಂದಿನ ಮಾತು ಬರಲಿಲ್ಲ.

"ದೇವರೇ, ಈ ಆತ್ಮಕ್ಕೆ..." ತಮ್ಮ ಮೆಲ್ಲಗೆ ಎತ್ತಿಕೊಟ್ಟ. ಸೊಸೆ ಅವನ ಕೈ ಅದುಮಿದಳು. ಅವನು ಬಾಯಿ ಮುಚ್ಚಿದ.

ಹೆಗಲು ಕೊಡಲು ಬಂದವರು ಹೊಸ್ತಿಲಲ್ಲೇ ನಿಂತರು. ದರ್ಜಿ ಕಣ್ಣು ಮುಚ್ಚಿಕೊಂಡ. ಯಾರೂ ಕೆಮ್ಮಲಿಲ್ಲ. ಯಾರಿಗೂ ಅವಸರವಿರಲಿಲ್ಲ.

ಹರಾಜಣ್ಣ ಉಸಿರೆಳೆದುಕೊಂಡರು.

"ದೇವರೇ... ಇವಳು ನನ್ನ ತಂಗಿ. ನಮ್ಮ ಮಾತು... ಕೇಳಿದಳು. ತೊದಲಿದ್ದೂ... ಕೇಳಿದಳು. ಇವಳ ಮಾತು... ನೀನು ಕೇಳು. ಇವಳಿಗೆ... ಶಾಂತಿ ಕೊಡು, ತಂದೆ."